ಮರದಚ್ಚಿನಲ್ಲಿ ಪರ್ವತದರ್ಶನ

ಚಿತ್ರಕಲೆಯನ್ನು ಕುರಿತು ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ಅಭಿಪ್ರಾಯವು ಬಹುಕಾಲದಿಂದ ನೆಲೆಸಿದೆ. ಕುಂಚದಿಂದ ಬರೆದದ್ದು ಮೂಲ. ಅಚ್ಚಿನಿಂದ ತೆಗೆದದ್ದು ಅದರ ಪ್ರತಿ. ಪ್ರತಿಯಾದುದರಿಂದ ಅದು ಒಂದು ಮೆಟ್ಟಿಲು ಕೆಳಗಿನದು ಎಂಬುದೇ ಆ ಅಭಿಪ್ರಾಯ. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ದೇವದೇವಿಯರ ಪಟಗಳು ಮನೆಮನೆಯ ಗೋಡೆಗೆ ಬಂದು ಸೇರಿದಂದಿನಿಂದ ಈ ಭಾವನೆಯು ಇನ್ನೂ ಗಟ್ಟಿಯಾಯಿತು. ಆ ಪಟಗಳ ಮಟ್ಟಿಗೆ ಅದು ತಪ್ಪೂ ಅಲ್ಲ. ಅವು ವರ್ಣಚಿತ್ರಗಳನ್ನು ನೋಡಿ ಕಲ್ಲಚ್ಚಿನಲ್ಲಿ ತೆಗೆದ ಪ್ರತಿಗಳೇ. ಆದರೆ ಅಚ್ಚೆಂಬ ಹೆಸರುಳ್ಳ ಸಮಸ್ತವನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮರದ ಹಲಗೆಯನ್ನು ಕೈಯಿಂದ ಕೆತ್ತಿ, ಉಬ್ಬಾಗಿ ಉಳಿದ ಭಾಗಕ್ಕೆ ಮಸಿಯನ್ನು ಸವರಿ, ಕಾಗದವನ್ನೊತ್ತಿ ತೆಗೆಯುವ ಚಿತ್ರವು ಬೇರೆ ಜಾತಿಯದು. ಹಲಗೆಗೆಂದೇ ಕಲ್ಪಿತವಾದ ಅಂತಹ ಚಿತ್ರವು ಕಾಗದದ ಮೇಲೆ ಮೂಡಿದಾಗಲೇ ಹುಟ್ಟುವುದು. ಅದಕ್ಕೆ ತನ್ನಿಂದ ಹೊರಗೆ ಬೇರೊಂದು ಮೂಲವಿಲ್ಲ.

ಈ ಕಲೆಯ ಸತ್ತ್ವವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಪರ್ವತಕ್ಕಿಂತ ತಕ್ಕ ವಸ್ತುವು ದೊರೆಯದು. ಅದೃಷ್ಟವಶಾತ್ ಒಂದೇ ಪರ್ವತವನ್ನು ಮೂರು ಕಾಲದ ಮೂವರು ಕಲಾವಿದರು ಮರದಲ್ಲಿ ಕಂಡರಿಸಿದ ಉದಾಹರಣೆಯೊಂದಿದೆ. ಸ್ವಿಟ್ಜರ್ಲೆಂಡಿಗೂ ಇಟಲಿಗೂ ಎಲ್ಲೆಯಾಗಿ ನಿಂತಿರುವ, 4478 ಮೀಟರು ಎತ್ತರವುಳ್ಳ ಮ್ಯಾಟರ್‌ಹಾರ್ನ್ ಎಂಬ ಶಿಖರವೇ ಆ ಪರ್ವತ. ಅದನ್ನು ಇಂಗ್ಲೆಂಡಿನ ಎಡ್ವರ್ಡ್ ವ್ಹಿಂಪರನು 1871ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೂ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಫೆಲಿಕ್ಸ್ ವಲೊಟನ್ನನು 1892ರ ಚಿತ್ರದಲ್ಲಿಯೂ, ಜಪಾನಿನ ಹಿರೋಷಿ ಯೋಷಿದನು 1925ರ ಚಿತ್ರಗಳಲ್ಲಿಯೂ ಅಚ್ಚಿಗಿಳಿಸಿದರು. ಶಿಖರವೊಂದು, ಸಾಧನವೊಂದು, ದೃಷ್ಟಿಗಳು ಮೂರು. ಇವುಗಳ ತಾರತಮ್ಯವನ್ನು ವಿಚಾರಿಸಿದರೆ ಮರದಚ್ಚೆಂಬುದು ಏನು, ಅದರಿಂದ ಏನನ್ನು ಬೇಡಬಹುದು, ಏನನ್ನು ಬೇಡಬಾರದು ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ಮೊದಲು ಸಾಧನದ ಸ್ವಭಾವವನ್ನು ನೋಡಬೇಕು. ಚೀಟಿಯ ಬಟ್ಟೆಗೆ ಹೂಬಳ್ಳಿಗಳನ್ನೊತ್ತುವ ಮರದ ಅಚ್ಚನ್ನು ಕಂಡವರಿಗೆ ಇದರ ತತ್ತ್ವವು ಹೊಸತಲ್ಲ. ಉಳಿಯು ತೆಗೆದುಹಾಕಿದ ಭಾಗವು ಮಸಿಯನ್ನು ಮುಟ್ಟದೆ ಕಾಗದದಲ್ಲಿ ಬಿಳುಪಾಗಿ ಉಳಿಯುತ್ತದೆ. ಉಳಿಯು ಮುಟ್ಟದೆ ಬಿಟ್ಟ ಭಾಗವೇ ಮಸಿಯನ್ನು ಹೊತ್ತು ರೇಖೆಯಾಗುತ್ತದೆ. ಕುಂಚವುಳ್ಳವನು ಸೇರಿಸುತ್ತ ಹೋಗುವನು. ಉಳಿಯುಳ್ಳವನು ಕಳೆಯುತ್ತ ಹೋಗುವನು. ಕುಂಚವು ತಪ್ಪಿದರೆ ಮೇಲೆ ಮತ್ತೊಂದು ಬಣ್ಣವನ್ನು ಬಳಿಯಬಹುದು; ಉಳಿಯು ತಪ್ಪಿದರೆ ಹೋದ ಮರವು ಹೋದಂತೆಯೇ. ಆದುದರಿಂದ ಈ ಕಲೆಯಲ್ಲಿ ಏನನ್ನು ಹೇಳಬೇಕೆಂಬುದಕ್ಕಿಂತ ಏನನ್ನು ಹೇಳದೆ ಬಿಡಬೇಕೆಂಬ ವಿವೇಕವೇ ಮೊದಲನೆಯದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಕಾವ್ಯದ ಆತ್ಮವು ವಾಚ್ಯಾರ್ಥದಲ್ಲಿಲ್ಲ, ಧ್ವನಿಯಲ್ಲಿದೆ ಎಂದು ಸ್ಥಾಪಿಸಿದನಷ್ಟೆ. ಮರದಚ್ಚಿನಲ್ಲಿ ಆ ಧ್ವನಿಯ ಸ್ಥಾನವು ಬಿಳಿಯ ಕಾಗದ. ಅಲ್ಲಿ ಮಸಿಯಿಲ್ಲ, ರೇಖೆಯಿಲ್ಲ, ಆದರೆ ಹಿಮವಿದೆ, ಆಕಾಶವಿದೆ, ಬೆಳಕಿದೆ.

ಇನ್ನು ಪರ್ವತದ ಸ್ವಭಾವ. ನಮ್ಮ ಭಾಷೆಗಳಲ್ಲಿ ಪರ್ವತಕ್ಕೆ ಅಚಲವೆಂದು ಹೆಸರು. ಭೂಗರ್ಭಶಾಸ್ತ್ರಜ್ಞರು ಈ ಹೆಸರನ್ನು ಒಪ್ಪುವುದಿಲ್ಲ. ಮ್ಯಾಟರ್‌ಹಾರ್ನಿನ ಮೇಲ್ಭಾಗದ ಶಿಲೆಯು ಯುರೋಪಿನದೇ ಅಲ್ಲ. ಅದು ಆಫ್ರಿಕದ ಕಡೆಯಿದ್ದ ಭೂಖಂಡದ ಅಂಚಿನ ಶಿಲೆ. ಎರಡು ಭೂಖಂಡಗಳ ನಡುವೆ ಒಮ್ಮೆ ಹರಡಿದ್ದ ಟೆಥಿಸ್ ಸಮುದ್ರದ ಒಂದು ಶಾಖೆಯು ಮುಚ್ಚಿಹೋದಾಗ, ದಕ್ಷಿಣದ ಈ ಶಿಲೆಯು ಉತ್ತರಕ್ಕೆ ನೂಕಲ್ಪಟ್ಟು, ಆ ಸಮುದ್ರತಳದ ಅವಶೇಷಗಳ ಮೇಲೆ ಏರಿ ಕುಳಿತಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಎಮಿಲ್ ಆರ್ಗಾನನು ಆ ಸೀಮೆಯಲ್ಲಿ ಶಿಲಾಪದರಗಳು ಒಂದರ ಮೇಲೊಂದು ಮಡಿಸಿ ಬಿದ್ದಿರುವ ಬಗೆಯನ್ನು ವಿಶದಪಡಿಸಿದನು. ಪರ್ವತಗಳಿಗೆ ಮೊದಲು ರೆಕ್ಕೆಗಳಿದ್ದುವೆಂದೂ, ಅವು ಹಾರಿ ಬೇಕೆಂದಲ್ಲಿ ಇಳಿಯುತ್ತಿದ್ದುವೆಂದೂ, ಇಂದ್ರನು ವಜ್ರಾಯುಧದಿಂದ ಆ ರೆಕ್ಕೆಗಳನ್ನು ಕಡಿದನೆಂದೂ ಹೇಳುವ ಪುರಾಣಕಥೆಯನ್ನು ಬಾಲ್ಯದಲ್ಲಿ ಕೇಳಿದ ವಾಚಕರು ಈ ವೃತ್ತಾಂತವನ್ನು ಓದಿ ಮುಗುಳ್ನಗಬಹುದು.

ಆದರೆ ಶಿಲೆಯು ಏರಿ ಬಂದ ಮಾತ್ರಕ್ಕೆ ಶಿಖರವಾಗಲಿಲ್ಲ. ಏರಿ ಬಂದದ್ದು ಒಂದು ರಾಶಿ. ಅದಕ್ಕೆ ಶಿಖರದ ರೂಪವನ್ನು ಕೊಟ್ಟದ್ದು ಕಳೆಯುವ ಕೆಲಸ. ಹಿಮನದಿಗಳು ಬೇರೆ ಬೇರೆ ಪಕ್ಕಗಳಿಂದ ಬುಡವನ್ನು ಕೊರೆದುವು, ಬಿರುಕಿನಲ್ಲಿ ಸೇರಿದ ನೀರು ಮಂಜುಗಟ್ಟಿ ಹಿಗ್ಗಿ ಬಂಡೆಯನ್ನು ಸೀಳಿತು, ಸಡಿಲವಾದದ್ದು ಉರುಳಿತು, ಉರುಳದೆ ಉಳಿದದ್ದೇ ನಾಲ್ಕು ಮೋರೆ, ನಾಲ್ಕು ಏಣುಗಳ ಈ ಕೋಡುಗಲ್ಲು. ಹಾಗಾದರೆ ಹಿಮನದಿಯ ಕೆಲಸಕ್ಕೂ ಉಳಿಯ ಕೆಲಸಕ್ಕೂ ಸ್ವರೂಪದಲ್ಲಿ ಭೇದವಿಲ್ಲ. ಎರಡೂ ಕಳೆದು ರೂಪವನ್ನು ತೋರಿಸುತ್ತವೆ. ಪರ್ವತವನ್ನು ಮರದಲ್ಲಿ ಕೆತ್ತುವವನಿಗೆ ಈ ಸಾದೃಶ್ಯವೇ ದೊಡ್ಡ ವರ, ಅದೇ ದೊಡ್ಡ ಪರೀಕ್ಷೆ. ಅವನು ಪರ್ವತದ ಹೊರಗಿನ ಆಕಾರವನ್ನು ನಕಲುಮಾಡುತ್ತಾನೆಯೆ, ಅಥವಾ ಪರ್ವತವು ಆದ ರೀತಿಯಲ್ಲಿಯೇ ತನ್ನ ಚಿತ್ರವನ್ನೂ ಆಗಿಸುತ್ತಾನೆಯೆ ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಮೂವರಲ್ಲಿ ಮೊದಲನೆಯವನಾದ ವ್ಹಿಂಪರನು 1840ರಲ್ಲಿ ಹುಟ್ಟಿದನು. ಅವನ ತಂದೆಯೂ ಮರದ ಕೆತ್ತನೆಯವನೇ. ಮಗನು ತಂದೆಯ ಕಾರ್ಯಾಲಯದಲ್ಲಿಯೇ ಕಸುಬನ್ನು ಕಲಿತನು. ಅಂದಿನ ಇಂಗ್ಲೆಂಡಿನಲ್ಲಿ ಈ ಕಸುಬಿನ ರೀತಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಥಾಮಸ್ ಬ್ಯೂವಿಕನು ಊರ್ಜಿತಗೊಳಿಸಿದ ರೀತಿ. ಉದ್ದಕ್ಕೆ ಸೀಳಿದ ಹಲಗೆಯನ್ನು ಬಿಟ್ಟು, ಬಾಕ್ಸ್ ಎಂಬ ಬಿಗಿಯಾದ ಮರವನ್ನು ಅಡ್ಡಲಾಗಿ ಕೊಯ್ದು, ಆ ಕೊಯ್ಲಿನ ಮುಖದ ಮೇಲೆ ಲೋಹದ ಕೆತ್ತನೆಗೆ ಬಳಸುವ ಚೂಪಾದ ಉಳಿಯಿಂದ ಕೆತ್ತುವುದು ಅದರ ಕ್ರಮ. ಅಡ್ಡಕೊಯ್ಲಿನಲ್ಲಿ ಮರದ ಎಳೆಯು ಉಳಿಯನ್ನು ಎಳೆಯುವುದಿಲ್ಲವಾದುದರಿಂದ ಕೂದಲೆಳೆಯಷ್ಟು ಸಣ್ಣ ರೇಖೆಯನ್ನೂ ಯಾವ ದಿಕ್ಕಿಗಾದರೂ ಕೆತ್ತಬಹುದು. ಆ ಮರದ ಕಾಂಡವು ಸಣ್ಣದಾದ ಕಾರಣ ದೊಡ್ಡ ಚಿತ್ರಗಳಿಗೆ ತುಂಡುಗಳನ್ನು ಜೋಡಿಸಿಕೊಳ್ಳಬೇಕು. ಹೀಗೆ ಕೆತ್ತಿದ ಅಚ್ಚನ್ನು ಅಕ್ಷರದ ಮೊಳೆಗಳಷ್ಟೇ ಎತ್ತರಕ್ಕೆ ಮಾಡಿ, ಅವುಗಳೊಡನೆ ಒಂದೇ ಚೌಕಟ್ಟಿನಲ್ಲಿ ಬಿಗಿದು ಪುಸ್ತಕವನ್ನು ಅಚ್ಚುಹಾಕಬಹುದಾದುದರಿಂದ, ಆ ಶತಮಾನದ ಸಚಿತ್ರಗ್ರಂಥಗಳಿಗೆ ಇದು ಮುಖ್ಯ ಸಾಧನವಾಗಿತ್ತು.

ಲಾಂಗ್‌ಮನ್ ಎಂಬ ಪ್ರಕಾಶಕನು 1860ರಲ್ಲಿ ಆಲ್ಪ್ಸ್ ಪರ್ವತಗಳ ಚಿತ್ರಗಳನ್ನು ಬರೆದು ತರುವುದಕ್ಕಾಗಿ ವ್ಹಿಂಪರನನ್ನು ಕಳುಹಿಸಿದನು. ಚಿತ್ರ ಬರೆಯಲು ಹೋದವನು ಪರ್ವತವನ್ನು ಹತ್ತಲು ತೊಡಗಿದನು. ಹಲವು ಸಲ ಸೋತು, 1865ರ ಜುಲೈ 14ರಂದು ಮ್ಯಾಟರ್‌ಹಾರ್ನಿನ ತುದಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ತಂಡದಲ್ಲಿದ್ದನು. ಇಳಿಯುವಾಗ ಏಳು ಜನರಲ್ಲಿ ನಾಲ್ವರು ಬಿದ್ದು ಸತ್ತರು. ಈ ಅನುಭವಗಳನ್ನೆಲ್ಲ ಅವನು 1871ರ ಗ್ರಂಥದಲ್ಲಿ ಬರೆದು, ಚಿತ್ರಗಳನ್ನು ಮರದಲ್ಲಿ ಕೆತ್ತಿ ಸೇರಿಸಿದನು. ಪರ್ವತವನ್ನು ಕೈಯಿಂದ ಹಿಡಿದು, ಕಾಲಿನಿಂದ ತುಳಿದು, ಅದರ ಕಲ್ಲುಗಳನ್ನು ಪರಿಶೀಲಿಸಿದವನ ಚಿತ್ರಗಳಿವು. ಜೋರ್ದಾನೊ ಎಂಬ ಇಟಲಿಯ ಭೂಗರ್ಭಶಾಸ್ತ್ರಜ್ಞನು ತಯಾರಿಸಿದ ಶಿಖರದ ಶಿಲಾಪದರಗಳ ನಕ್ಷೆಯೂ ಆ ಗ್ರಂಥದಲ್ಲಿದೆ. ಅಲ್ಲಿಯ ಚಿತ್ರಗಳಲ್ಲಿ ಮ್ಯಾಟರ್‌ಹಾರ್ನಿನ ಫಿರಂಗಿಹೊಡೆತವೆಂಬ ಹೆಸರಿನದೊಂದು ವಿಶೇಷವಾಗಿ ಗಮನಾರ್ಹ. ಮೇಲಿನಿಂದ ಸಿಡಿದ ಬಂಡೆಗಳು ರಾತ್ರಿ ಬೀಡುಬಿಟ್ಟ ಜನರ ನೆತ್ತಿಯ ಕಡೆಗೆ ಧುಮುಕುವುದು ಅದರ ವಸ್ತು. ಪರ್ವತವು ಪೂರ್ಣಗೊಂಡ ಮೂರ್ತಿಯಲ್ಲ, ಇಂದಿಗೂ ಕೆತ್ತಲ್ಪಡುತ್ತಿರುವ ಕಲ್ಲು ಎಂಬ ಸತ್ಯವನ್ನು ವ್ಹಿಂಪರನಷ್ಟು ಸ್ಪಷ್ಟವಾಗಿ ಬೇರಾವ ಚಿತ್ರಕಾರನೂ ತೋರಿಸಿರಲಾರನು.

ಆದರೂ ಗುಣದ ಪಕ್ಕದಲ್ಲಿಯೇ ದೋಷವೂ ಇದೆ. ವ್ಹಿಂಪರನ ರೇಖೆಗೆ ವಿಶ್ರಾಂತಿಯಿಲ್ಲ. ಬಂಡೆಗೆ ಒಂದು ಬಗೆಯ ಗೀರು, ಹಿಮಕ್ಕೆ ಇನ್ನೊಂದು, ಮೋಡಕ್ಕೆ ಮತ್ತೊಂದು, ಹೀಗೆ ಹಲಗೆಯ ಮೂಲೆಮೂಲೆಯೂ ಗೀರುಗಳಿಂದ ತುಂಬಿದೆ. ಕಣ್ಣಿಗೆ ಕಂಡದ್ದನ್ನೆಲ್ಲ ಹೇಳಿಬಿಡಬೇಕೆಂಬ ಸಾಕ್ಷಿದಾರನ ಪ್ರಾಮಾಣಿಕತೆ ಅಲ್ಲಿದೆ. ಆದರೆ ಸಾಕ್ಷಿದಾರನ ಹೇಳಿಕೆಯು ಕಾವ್ಯವಾಗುವುದಿಲ್ಲ. ಚಿತ್ರವು ಗ್ರಂಥದ ಕಥೆಗೆ ಸೇವಕನಾಗಿದೆ. ಕಥೆಯನ್ನು ಮರೆಸಿ ಚಿತ್ರವೊಂದನ್ನೇ ಎದುರಿಗಿಟ್ಟರೆ, ನಮಗೆ ಪರ್ವತದ ವಿಷಯವು ತಿಳಿಯುತ್ತದೆಯೇ ಹೊರತು ಪರ್ವತವು ಎದುರಿಗೆ ನಿಲ್ಲುವುದು ಅಪರೂಪ. ಶಾಸ್ತ್ರವುಂಟು, ಧ್ವನಿ ಕಡಿಮೆ ಎಂದು ಸಂಗ್ರಹಿಸಿ ಹೇಳಬಹುದು.

ವ್ಹಿಂಪರನಿಗೂ ವಲೊಟನ್ನನಿಗೂ ನಡುವೆ ಯುರೋಪಿನಲ್ಲಿ ಒಂದು ದೊಡ್ಡ ಮಾರ್ಪಾಡಾಯಿತು. ಜಪಾನಿನ ಬಣ್ಣದ ಮರದಚ್ಚುಗಳು ಅಲ್ಲಿಗೆ ಬಂದುವು. 1890ರಲ್ಲಿ ಪ್ಯಾರಿಸಿನ ಚಿತ್ರಕಲಾಶಾಲೆಯಲ್ಲಿ ಅವುಗಳ ದೊಡ್ಡ ಪ್ರದರ್ಶನವೇ ನಡೆಯಿತು. ಆ ಅಚ್ಚುಗಳು ಕಲಿಸಿದ ಪಾಠವೇನೆಂಬುದನ್ನು ತಿಳಿಯಲು ಹೊಕುಸಾಯಿಯ ಫೂಜಿ ಚಿತ್ರಮಾಲೆಯನ್ನು ಸ್ವಲ್ಪ ನೋಡಬೇಕು. 1830ರ ಸುಮಾರಿನಲ್ಲಿ, ತನ್ನ ಎಪ್ಪತ್ತರ ಪ್ರಾಯದಲ್ಲಿ, ಅವನು ಫೂಜಿಪರ್ವತದ ಮೂವತ್ತಾರು ನೋಟಗಳೆಂಬ ಮಾಲೆಯನ್ನು ಆರಂಭಿಸಿದನು. ಜನರ ಆದರದಿಂದ ಅದು 46 ಚಿತ್ರಗಳಾಗಿ ಬೆಳೆಯಿತು. ಅವುಗಳಲ್ಲಿ ಕೆಂಪು ಫೂಜಿಯೆಂದು ಲೋಕಪ್ರಸಿದ್ಧವಾದುದರಲ್ಲಿ ಮನುಷ್ಯನಿಲ್ಲ, ಮನೆಯಿಲ್ಲ. ಬುಡದಲ್ಲಿ ಕಾಡು, ಮೇಲೆ ಚದುರಿದ ಮೋಡ, ನಡುವೆ ಬೆಳಗಿನ ಬೆಳಕಿಗೆ ಕೆಂಪಾದ ಪರ್ವತ. ಒಳ್ಳೆಯ ಪ್ರತಿಗಳಲ್ಲಿ ಹಲಗೆಯ ಎಳೆಯೇ ಪರ್ವತದ ಮೈಯಲ್ಲಿಯೂ ಆಕಾಶದಲ್ಲಿಯೂ ಕಾಣುತ್ತದೆ. ತುದಿಯ ಹತ್ತಿರ ಕೊರಕಲುಗಳಲ್ಲಿ ಉಳಿದ ಹಿಮದ ಗೆರೆಗಳು ಕೆಲವೇ.

ಫೂಜಿಯು ಮ್ಯಾಟರ್‌ಹಾರ್ನಿನಂತೆ ಕಳೆದು ಆದ ಪರ್ವತವಲ್ಲ, ಕೂಡಿ ಆದದ್ದು. ಬೂದಿಯೂ ಕರಗಿದ ಶಿಲೆಯೂ ಪದರಪದರವಾಗಿ ಬಿದ್ದು 3776 ಮೀಟರಿನ ಜ್ವಾಲಾಮುಖಿಯಾಯಿತು; ಅದು ಕೊನೆಯ ಸಲ ಉರಿಕಾರಿದ್ದು 1707ರಲ್ಲಿ, ಹೊಕುಸಾಯಿಯು ಹುಟ್ಟುವುದಕ್ಕೆ ಅರ್ಧ ಶತಮಾನದ ಹಿಂದೆ. ಬತ್ತದ ರಾಶಿಯಂತೆ ಸುರಿದು ನಿಂತ ಇಳಿಜಾರಿಗೆ ತಕ್ಕುದು ಮುರಿಯದ, ನಿಧಾನವಾಗಿ ಏರುವ ರೇಖೆ. ಹೊಕುಸಾಯಿಯು ಅದನ್ನೇ ಎಳೆದನು. ಮರದ ಎಳೆಯೂ ಪದರಪದರವಾಗಿ ವರ್ಷದಿಂದ ವರ್ಷಕ್ಕೆ ಕೂಡಿ ಬೆಳೆದದ್ದಲ್ಲವೆ? ಹೀಗೆ ವಸ್ತುವಿಗೂ ಸಾಧನಕ್ಕೂ ಇರುವ ನಂಟನ್ನು ಅವನು ಶಾಸ್ತ್ರದಿಂದಲ್ಲ, ಕಣ್ಣಿನಿಂದ ಅರಿತನು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ರಸಕ್ಕೆ ಜೀವವೆಂದು ಹೇಳಿದ ಔಚಿತ್ಯವೆಂಬುದು ಇದೇ.

ವಲೊಟನ್ನನು ಈ ಪಾಠವನ್ನು ಕಲಿತು, ತನ್ನ ನಾಡಿನ ಪರ್ವತಗಳಿಗೆ ಅನ್ವಯಿಸಿದನು. 1892ರಲ್ಲಿ ಅವನು ಆಲ್ಪ್ಸ್ ಶಿಖರಗಳ ಕೆಲವು ಮರದಚ್ಚುಗಳನ್ನು ಮಾಡಿದನು, ಮ್ಯಾಟರ್‌ಹಾರ್ನು ಅವುಗಳಲ್ಲೊಂದು. ಬಣ್ಣವಿಲ್ಲ, ಬೂದುಬಣ್ಣದ ಭ್ರಮೆಯನ್ನು ಹುಟ್ಟಿಸುವ ಸಣ್ಣ ಗೀರುಗಳೂ ಇಲ್ಲ. ಇರುವುದು ಕಪ್ಪು, ಇಲ್ಲವೆ ಬಿಳುಪು. ವ್ಹಿಂಪರನು ಸಾವಿರ ಗೀರುಗಳಿಂದ ಹೇಳಿದ್ದನ್ನು ಇವನು ಹತ್ತಾರು ಕಡಿತಗಳಿಂದ ಹೇಳಿಬಿಡುತ್ತಾನೆ. ಉಳಿಯು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂದಿತು ಎಂಬುದನ್ನು ಅವನು ಮರೆಮಾಚುವುದಿಲ್ಲ. ಕಡಿದದ್ದು ಕಡಿದಂತೆಯೇ ಕಾಣುವುದು ಈ ಕಲೆಯ ಸತ್ಯವಂತಿಕೆ. ಆ ದೃಷ್ಟಿಯಿಂದ ಆಧುನಿಕ ಮರದಚ್ಚಿಗೆ ದಾರಿಯನ್ನು ತೆರೆದವರಲ್ಲಿ ಇವನಿಗೆ ಸಲ್ಲತಕ್ಕ ಗೌರವವು ದೊಡ್ಡದು.

ಆದರೆ ವಲೊಟನ್ನನ ಶಿಖರವನ್ನು ಮತ್ತೆ ಮತ್ತೆ ನೋಡಿದಾಗ ಒಂದು ಸಂಶಯವು ಏಳುತ್ತದೆ. ಇದು ಮ್ಯಾಟರ್‌ಹಾರ್ನೆ, ಅಥವಾ ಮ್ಯಾಟರ್‌ಹಾರ್ನಿನ ಆಕಾರವುಳ್ಳ ಒಂದು ಸುಂದರವಾದ ವಿನ್ಯಾಸವೆ? ಕಪ್ಪು ಬಿಳುಪುಗಳ ಸಮತೂಕದಲ್ಲಿ ಅವನಿಗೆ ಎಷ್ಟು ಮೋಹವೆಂದರೆ, ಶಿಲೆಯ ಭಾರವೂ ಅದರ ಬಿರುಕೂ ಆ ಸಮತೂಕಕ್ಕೆ ಅಡ್ಡಿಯಾದಲ್ಲಿ ಅವನು ಶಿಲೆಯನ್ನೇ ಬಿಟ್ಟುಕೊಡುತ್ತಾನೆ. ಕುಂತಕನು ಕಾವ್ಯಕ್ಕೆ ವಕ್ರೋಕ್ತಿಯೇ ಜೀವಿತವೆಂದನು. ವಲೊಟನ್ನನಲ್ಲಿ ವಕ್ರೋಕ್ತಿಯು ಪರಿಪೂರ್ಣವಾಗಿದೆ. ಆದರೆ ಉಕ್ತಿಯ ಬೆಡಗಿನಲ್ಲಿ ಹೇಳಬೇಕಾದ ವಸ್ತುವು ಸ್ವಲ್ಪ ಹಗುರಾಯಿತೆಂದು ತೋರುತ್ತದೆ. ವ್ಹಿಂಪರನಿಗೆ ಕಲ್ಲು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ವಲೊಟನ್ನನಿಗೆ ಬಿಡುವುದು ಗೊತ್ತಿತ್ತು, ಕಲ್ಲಿನ ಮೇಲೆ ಅಷ್ಟು ಮಮತೆಯಿರಲಿಲ್ಲ.

ಮೂರನೆಯವನಾದ ಹಿರೋಷಿ ಯೋಷಿದನ ಜೀವನವು 1876ರಿಂದ 1950ರವರೆಗಿನದು. ಅವನು ಮೊದಲು ಕಲಿತದ್ದು ಯುರೋಪಿನ ರೀತಿಯ ವರ್ಣಚಿತ್ರವನ್ನು. 1920ರಲ್ಲಿ ಮರದಚ್ಚಿನ ಕಡೆಗೆ ತಿರುಗಿದನು. 1923ರ ಟೋಕಿಯೋ ಭೂಕಂಪದ ಬೆಂಕಿಯಲ್ಲಿ ಪ್ರಕಾಶಕನ ಬಳಿಯಿದ್ದ ಅವನ ಹಲಗೆಗಳು ನಾಶವಾದುವು. ಅನಂತರ ಅಮೆರಿಕ ಯುರೋಪುಗಳಲ್ಲಿ ಸಂಚರಿಸಿ ಹಿಂದಿರುಗಿ, 1925ರಲ್ಲಿ ತನ್ನದೇ ಆದ ಕಾರ್ಯಾಲಯವನ್ನು ಸ್ಥಾಪಿಸಿದನು. ಪರ್ವತಾರೋಹಣದಲ್ಲಿ ಅವನಿಗಿದ್ದ ಆಸಕ್ತಿಯು ಸಾಮಾನ್ಯವಾದುದಲ್ಲ. ಹೊದಕವೆಂಬ ಶಿಖರದ ಹೆಸರನ್ನೇ ತನ್ನ ಮಗನೊಬ್ಬನಿಗೆ ಇಟ್ಟನು. ಉನ್ನತಪರ್ವತಗಳ ಸೌಂದರ್ಯವನ್ನು ಕುರಿತು ಗ್ರಂಥವನ್ನೇ ಬರೆದನು. 1926ರಲ್ಲಿ ಜಪಾನಿನ ಆಲ್ಪ್ಸ್ ಪರ್ವತಗಳ ಹನ್ನೆರಡು ದೃಶ್ಯಗಳೆಂಬ ಮಾಲೆಯನ್ನು ಪ್ರಕಟಿಸಿದನು. ಅದಕ್ಕೆ ಹಿಂದಿನ ವರ್ಷದ್ದೇ ಮ್ಯಾಟರ್‌ಹಾರ್ನಿನ ಜೋಡಿಚಿತ್ರ, ಒಂದು ಹಗಲಿನದು, ಒಂದು ರಾತ್ರಿಯದು.

ಜಪಾನಿನ ಕ್ರಮದಲ್ಲಿ ಬಣ್ಣಕ್ಕೊಂದು ಹಲಗೆಯನ್ನು, ಸಾಮಾನ್ಯವಾಗಿ ಕಾಡುಚೆರ್ರಿ ಮರದ್ದನ್ನು, ಕೆತ್ತುತ್ತಾರೆ. ತೆಳುವಾದ ಕಾಗದದ ಮೇಲೆ ಬರೆದ ಚಿತ್ರವನ್ನು ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಯನ್ನು ಬಿಟ್ಟು ಉಳಿದುದನ್ನು ತೆಗೆಯುತ್ತಾರೆ. ನೀರಿನಲ್ಲಿ ಕಲಸಿದ ಬಣ್ಣವನ್ನು ಅಕ್ಕಿಯ ಗಂಜಿಯೊಡನೆ ಕುಂಚದಿಂದ ಸವರಿ, ಒದ್ದೆಮಾಡಿದ ಉಪ್ಪುನೇರಳೆಯ ಜಾತಿಯ ಗಿಡದ ನಾರಿನ ಕಾಗದವನ್ನಿಟ್ಟು, ಬಿದಿರಿನ ಹಾಳೆಯಿಂದ ಸುತ್ತಿದ ಬಾರೆನ್ ಎಂಬ ಬಿಲ್ಲೆಯಿಂದ ಬೆನ್ನನ್ನು ಉಜ್ಜುತ್ತಾರೆ. ಯಂತ್ರವಿಲ್ಲ; ಕೈಯ ಒತ್ತಡವೇ ಎಲ್ಲ. ಎಲ್ಲ ಹಲಗೆಗಳ ಮೇಲೂ ಕಾಗದವು ಒಂದೇ ಸ್ಥಳದಲ್ಲಿ ಕೂರುವಂತೆ ಮೂಲೆಯಲ್ಲೊಂದು, ಅಂಚಿನಲ್ಲೊಂದು ಗುರುತನ್ನು ಕೆತ್ತಿರುತ್ತಾರೆ. ಹಲಗೆಯ ಮೇಲೆಯೇ ಬಣ್ಣವನ್ನು ದಟ್ಟದಿಂದ ತೆಳುವಿಗೆ ಒರೆಸಿ ಒತ್ತಿದರೆ ಮುಂಜಾವಿನ ಆಕಾಶದಂತಹ ಕ್ರಮವಾದ ಛಾಯೆಯು ಬರುತ್ತದೆ. ಯೋಷಿದನು ಕೆತ್ತುವವರನ್ನೂ ಒತ್ತುವವರನ್ನೂ ಇಟ್ಟುಕೊಂಡಿದ್ದನು. ಆದರೆ ಕೆಲಸವೆಲ್ಲ ಅವನ ಕಣ್ಣೆದುರಿನಲ್ಲಿಯೇ ನಡೆಯಬೇಕು. ಹಾಗೆ ನಡೆದ ಪ್ರತಿಗಳ ಅಂಚಿನಲ್ಲಿ ಸ್ವಯಂಮುದ್ರಿತವೆಂಬ ಅರ್ಥದ ಮೊಹರು ಇರುತ್ತದೆ.

ಹಗಲಿನ ಮ್ಯಾಟರ್‌ಹಾರ್ನನ್ನೂ ರಾತ್ರಿಯ ಮ್ಯಾಟರ್‌ಹಾರ್ನನ್ನೂ ಅವನು ಒಂದೇ ಹಲಗೆಗಳಿಂದ ತೆಗೆದನು; ಬದಲಾದದ್ದು ಬಣ್ಣ ಮಾತ್ರ. ಇದನ್ನು ಮಿತವ್ಯಯದ ಉಪಾಯವೆಂದು ಕೆಲವರು ನೋಡುತ್ತಾರೆ. ಅದು ಉಪಾಯವೂ ಹೌದು. ಆದರೆ ಅದರಿಂದ ಉಂಟಾದ ಅರ್ಥವು ಬಹಳ ದೊಡ್ಡದು. ಭರತನು ಸ್ಥಾಯಿಭಾವವೆಂದೂ ವ್ಯಭಿಚಾರಿಭಾವವೆಂದೂ ಎರಡನ್ನು ಬೇರ್ಪಡಿಸಿದನು. ಸ್ಥಾಯಿಯು ನಿಂತಿರುವುದು; ವ್ಯಭಿಚಾರಿಗಳು ಬಂದು ಹೋಗುತ್ತ ಅದನ್ನು ಪೋಷಿಸುವುವು. ಯೋಷಿದನ ಜೋಡಿಚಿತ್ರದಲ್ಲಿ ಹಲಗೆಯೇ ಸ್ಥಾಯಿ, ಬಣ್ಣವೇ ವ್ಯಭಿಚಾರಿ. ಒಮ್ಮೆ ಕೆತ್ತಿದ ಏಣು ಹಗಲಿಗೂ ಅದೇ, ಇರುಳಿಗೂ ಅದೇ. ಬಂಡೆಯ ಬಿರುಕು ಬಿಸಿಲಿಗೂ ಅದೇ, ನೀಲಿಯ ನೆರಳಿಗೂ ಅದೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಬೆಳಕೆಂಬುದು ಗಳಿಗೆಯದು, ಶಿಲೆಯೆಂಬುದು ಯುಗಗಳದು ಎಂಬ ಅರಿವು ಉಪದೇಶವಿಲ್ಲದೆ ಉಂಟಾಗುತ್ತದೆ. ಇದು ಕುಂಚಕ್ಕೆ ಸಾಧ್ಯವಿಲ್ಲದ ಮಾತು. ಚಿತ್ರಕಾರನು ಅದೇ ಶಿಖರವನ್ನು ಎರಡು ಸಲ ಬರೆದರೆ ಎರಡು ಶಿಖರಗಳಾಗುತ್ತವೆ. ಕೈಯು ಎರಡನೆಯ ಸಲ ಮೊದಲಿನಂತೆ ಚಲಿಸದು. ಅಚ್ಚಿನಲ್ಲಿ ಮಾತ್ರ ಶಿಖರವು ನಿಜವಾಗಿಯೂ ಒಂದೇ ಆಗಿ ಉಳಿಯಬಲ್ಲುದು. ಪ್ರತಿಯನ್ನು ತೆಗೆಯುವ ಶಕ್ತಿಯು ಅಚ್ಚಿನ ಕೊರತೆಯೆಂದು ಯಾರು ಭಾವಿಸಿದ್ದರೋ ಅವರಿಗೆ ಇದೇ ಉತ್ತರ. ಕೊರತೆಯೆಂದು ತೋರಿದ್ದೇ ಇಲ್ಲಿ ರಸಕ್ಕೆ ಕಾರಣವಾಗಿದೆ.

ಯೋಷಿದನಲ್ಲಿ ದೋಷವಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಅವನ ಚಿತ್ರಗಳಿಗೆ ಮೂವತ್ತಕ್ಕೆ ಮೀರಿದ ಒತ್ತುಗಳು ಸಾಮಾನ್ಯ. 1937ರಲ್ಲಿ ನಿಕ್ಕೋ ಕ್ಷೇತ್ರದ ಯೋಮೈ ಮಹಾದ್ವಾರವನ್ನು ಚಿತ್ರಿಸಿದಾಗ 96 ಒತ್ತುಗಳನ್ನು ಹಾಕಿದನು. ಈ ಸಂಖ್ಯೆಯನ್ನು ಕೇಳಿ ಬೆರಗಾಗುವವರು ಹಲವರು. ಶ್ರಮಕ್ಕೆ ಬೆರಗಾಗುವುದು ಸಹಜ. ಆದರೆ ರಸವು ಶ್ರಮದ ಮೊತ್ತದಿಂದ ಹುಟ್ಟುವುದಿಲ್ಲ. ಕೆತ್ತನೆಯ ಅಲಂಕಾರಗಳಿಂದ ಕಿಕ್ಕಿರಿದ ಆ ದ್ವಾರಕ್ಕೆ ಅಷ್ಟು ಒತ್ತುಗಳು ಬೇಕಾಗಿರಬಹುದು, ಪರ್ವತಕ್ಕೆ ಬೇಕಿಲ್ಲ. ಬಣ್ಣದ ಮೇಲೆ ಬಣ್ಣವನ್ನು ಒತ್ತುತ್ತ ಹೋದಂತೆ ಮರದಚ್ಚು ಜಲವರ್ಣದ ಮೃದುತ್ವಕ್ಕೆ ಹತ್ತಿರವಾಗುತ್ತದೆ, ಉಳಿಯ ಗುರುತು ಅಳಿಸುತ್ತದೆ, ಕಳೆದು ಆದ ಚಿತ್ರವು ಕೂಡಿ ಆದ ಚಿತ್ರದಂತೆ ಕಾಣತೊಡಗುತ್ತದೆ. ಅವನ ಕೆಲವು ಪರ್ವತಗಳಲ್ಲಿ ಗಾಳಿಯೂ ಬೆಳಕೂ ಎಷ್ಟು ಮನೋಹರವೋ ಶಿಲೆಯು ಅಷ್ಟೇ ಮೆತ್ತಗೆ. ಪ್ರವಾಸಿಗರಿಗೆ ಒಪ್ಪುವ ನೋಟಗಳೆಂದು ಅವನ್ನು ಹಳಿಯುವವರ ಮಾತಿನಲ್ಲಿ ಈ ಮಟ್ಟಿಗೆ ಹುರುಳಿದೆ. ಚಿತ್ರವನ್ನು ಬರೆಯುವವನೂ ಕೆತ್ತುವವನೂ ಒತ್ತುವವನೂ ಒಬ್ಬನೇ ಆಗಿರಬೇಕೆಂದು ಅದೇ ಕಾಲದ ಜಪಾನಿನಲ್ಲಿ ವಾದಿಸಿದ ಪಂಗಡವೊಂದಿತ್ತು. 1904ರಲ್ಲಿ ಯಾಮಾಮೊಟೊ ಕನಾಯೆಯು ತಾನೇ ಕೆತ್ತಿ ತಾನೇ ಒತ್ತಿದ ಬೆಸ್ತನ ಚಿತ್ರವು ಆ ಪಂಗಡಕ್ಕೆ ಮೊದಲು. ಆ ವಾದವು ಎಲ್ಲೆಡೆಗೂ ನ್ಯಾಯವಲ್ಲ. ಶಿಲ್ಪಿಯೊಬ್ಬನ ದೃಷ್ಟಿಯಲ್ಲಿ ಹಲವು ಕೈಗಳು ದುಡಿಯುವುದು ನಮ್ಮ ದೇವಾಲಯಗಳನ್ನು ಕಂಡವರಿಗೆ ವಿಚಿತ್ರವಲ್ಲ. ಆದರೆ ಉಳಿಯ ಗುರುತನ್ನು ಉಳಿಸಬೇಕೆಂಬ ಅವರ ಹಟವು ಯೋಷಿದನಿಗೆ ಆಗಾಗ ಒಳ್ಳೆಯ ಔಷಧವಾಗುತ್ತಿತ್ತು.

1930ರ ಕೊನೆಯಲ್ಲಿ ಯೋಷಿದನು ಭಾರತಕ್ಕೆ ಬಂದನು. ಆ ಪ್ರವಾಸದ ಫಲವಾಗಿ 1931ರಲ್ಲಿ ಕಾಂಚನಜುಂಗವನ್ನು ಬೆಳಗಿನಲ್ಲೊಂದು, ಅಪರಾಹ್ಣದಲ್ಲೊಂದು ಚಿತ್ರವಾಗಿ ಪ್ರಕಟಿಸಿದನು. 8586 ಮೀಟರಿನ ಆ ಶಿಖರವೂ ಟೆಥಿಸ್ ಸಮುದ್ರವು ಮುಚ್ಚಿದಾಗ ಎದ್ದ ಪರ್ವತಪಂಕ್ತಿಯದೇ. ಹಾಗೆ ನೋಡಿದರೆ ಮ್ಯಾಟರ್‌ಹಾರ್ನಿಗೆ ದೂರದ ದಾಯಾದಿ. ಕಾಳಿದಾಸನು ಕುಮಾರಸಂಭವವನ್ನು ಹಿಮಾಲಯದ ವರ್ಣನೆಯಿಂದಲೇ ಆರಂಭಿಸಿದನಾದುದರಿಂದ, ನಮ್ಮ ವಾಚಕರು ಈ ಚಿತ್ರಗಳಿಂದ ಏನನ್ನು ನಿರೀಕ್ಷಿಸುವರೆಂಬುದನ್ನು ಹೇಳಬೇಕಾದುದಿಲ್ಲ. ಹೊತ್ತಿನ ಭೇದವನ್ನು ತೋರಿಸುವುದರಲ್ಲಿ ಇವು ಮ್ಯಾಟರ್‌ಹಾರ್ನಿಗೆ ಕಡಿಮೆಯಲ್ಲ. ಆದರೆ ದೂರದಿಂದ ಕಂಡ ಶಿಖರವಿದು. ಏರಿ ಮುಟ್ಟಿದ ಕಲ್ಲಿನ ಗಡಸುತನಕ್ಕಿಂತ ದರ್ಶನದ ಶಾಂತಿಯೇ ಇಲ್ಲಿ ಹೆಚ್ಚು. ಶಾಂತರಸವನ್ನು ಬಯಸುವವರಿಗೆ ಇವೇ ಮೇಲಾಗಬಹುದು.

ಅದೇ ಪ್ರವಾಸದಲ್ಲಿ ಕಂಡ ಎಲ್ಲೋರದ ಗುಹಾಲಯಗಳನ್ನೂ ಅವನು ಅಚ್ಚಿಗೆ ವಸ್ತುವಾಗಿ ಮಾಡಿಕೊಂಡನೆಂಬುದನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಅಲ್ಲಿಯ ಕೈಲಾಸನಾಥ ದೇವಾಲಯವು ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು, ಬೇಡವಾದುದನ್ನೆಲ್ಲ ಹೊರಹಾಕಿ, ಉಳಿದುದನ್ನು ಕೈಲಾಸವೆಂದು ಕರೆದರು. ಒಂದು ಕಲ್ಲನ್ನೂ ಕಟ್ಟಲಿಲ್ಲ. ಬೆಟ್ಟದಿಂದ ಕಳೆದು ಬೆಟ್ಟವನ್ನೇ ಮಾಡಿದರು. ಕಳೆಯುವುದೇ ಸೃಷ್ಟಿಯಾಗಬಲ್ಲುದೆಂಬ ತತ್ತ್ವವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಸಾಧಿಸಿ ತೋರಿಸಿದ ಅರಸರ ನಾಡಿನವರು, ಮರದಚ್ಚನ್ನು ಕೀಳೆಂದು ತಿಳಿಯುವುದಕ್ಕೆ ಕಾರಣವೇ ಇಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಪರ್ವತವನ್ನು ಅರಿಯುವುದರಲ್ಲಿ ವ್ಹಿಂಪರನು ಮುಂದು. ಹಲಗೆಯನ್ನು ಅರಿಯುವುದರಲ್ಲಿ ವಲೊಟನ್ನನು ಮುಂದು. ಪರ್ವತದ ಸ್ಥಿರತೆಯನ್ನು ಹಲಗೆಯ ಸ್ಥಿರತೆಯಿಂದಲೇ ಅನುಭವಕ್ಕೆ ತಂದವನು ಯೋಷಿದ. ಆದುದರಿಂದ ಅವನ ಮ್ಯಾಟರ್‌ಹಾರ್ನಿನ ಜೋಡಿಗೆ ಮೊದಲ ಸ್ಥಾನವನ್ನು ಕೊಡುವುದು ಯುಕ್ತ. ಅದನ್ನು ಕೊಡಬೇಕಾದದ್ದು ಒತ್ತುಗಳ ಸಂಖ್ಯೆಗಾಗಲಿ ಬಣ್ಣಗಳ ಮಾಧುರ್ಯಕ್ಕಾಗಲಿ ಅಲ್ಲ. ಎರಡು ಹೊತ್ತುಗಳ ನಡುವೆ ಅಲುಗದೆ ನಿಂತ ಆ ಒಂದು ಕೆತ್ತನೆಗಾಗಿ. ಇಂತಹ ಅಚ್ಚೊಂದು ಕೈಗೆ ಬಂದಾಗ ರಸಿಕರು ಮೊದಲು ಬಣ್ಣವನ್ನು ನೋಡದೆ, ಬಣ್ಣವಿಲ್ಲದ ಬಿಳುಪನ್ನು ನೋಡಬೇಕು. ಎಷ್ಟು ಮರವು ಹೋದುದರಿಂದ ಆ ಬಿಳುಪು ದೊರೆಯಿತು, ಆ ಬಿಳುಪು ಹಿಮವಾಗಿ ಕಾಣುವುದೆ, ಬರಿಯ ಕಾಗದವಾಗಿ ಉಳಿಯುವುದೆ ಎಂದು ವಿಚಾರಿಸಬೇಕು. ಆ ಪ್ರಶ್ನೆಗೆ ಬರುವ ಉತ್ತರವೇ ಚಿತ್ರದ ಬೆಲೆ.